ಕೆಲಸದ ಗೀಳು

"ಕೆಲಸ ಬಿಟ್ಟು ದೂರ ಇದ್ದಾಗ ತಪ್ಪು ಮಾಡಿದ ಹಾಗೆ ಅನ್ನಿಸುತ್ತಾ?" ನವ್ಯಶ್ರೀ ಕೇಳಿದಳು.

ಗಣೇಶ ತಲೆ ತಗ್ಗಿಸಿದ. "ಅನ್ನುಸ್ತದೆ ಮೇಡಂ. ಈಗ್ಲೂ ಅನ್ನುಸ್ತಾ ಐತೆ."

ಎರಡು ನಿಮಿಷ ಮೆಷಿನ್ ಬಿಟ್ಟು ಬಂದಿದ್ದಕ್ಕೇ ಹೀಗಾ? ಅವಳ ಪೆನ್ನು ನಿಂತಿತು.

ಹಾರೋಹಳ್ಳಿಯಲ್ಲಿ ಆಗಷ್ಟೇ ಎದ್ದಿದ್ದ ಆ ವೈರ್ ಕಾರ್ಖಾನೆಗೆ ಅವಳು ಬೆಂಗಳೂರಿನಿಂದ ಎಚ್‌ಆರ್ ಆಗಿ ಬಂದಿದ್ದಳು. ಯಾರು ಇಷ್ಟಪಟ್ಟು ಕೆಲಸ ಮಾಡುತ್ತಾರೆ, ಯಾರಿಗೆ ಅದು ಗೀಳಾಗಿದೆ ಅಂತ ಅಳೆಯುವ ಸರ್ವೆ ಅವಳದೇ ಐಡಿಯಾ. ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳೂ ಅವಳೇ. ಖಾಲಿ ಇದ್ದದ್ದು ಒಂದೇ ಕಾಯಂ ಹುದ್ದೆ. ಗಣೇಶನ ಹೆಸರು ಮುಂದಿತ್ತು. ಸರ್ವೆ ಮುಗಿದ ಮೇಲೆ ತೀರ್ಮಾನ.

"ರಾತ್ರಿಯೂ ಕೆಲಸದ ಯೋಚನೆ ಬರುತ್ತಾ?"

"ನಿದ್ದೆ ಎಲ್ಲಿ ಬತ್ತದೆ? ಎದ್ದೆದ್ದು ಕೂರ್ತೀನಿ."

"ಜ್ವರ ಬಂದರೆ?"

"ಜ್ವರ ಬುಟ್ಟೇಟ್ಗೆ ಕೆಲ್ಸ ಇನ್ನೂ ಜಾಸ್ತಿ."

ತನ್ನ ಸರದಿಗೆ ಕಾಯುತ್ತಿದ್ದ ಪಕ್ಕದ ಮೆಷಿನ್ನಿನ ಮಕ್ಬೂಲ್ ನಕ್ಕ. "ಲೇ, ನಿನ್ ಕೆಲ್ಸ ಒಂದಿನ ನಿನ್ನೇ ತಿಂದಾಕ್ಬುಡ್ತದೆ ಕಣ್ಲಾ. ನಾನೇ ವಾಸಿ, ಡ್ಯೂಟಿ ಬುಟ್ರೆ ಕೆಲ್ಸಾನೇ ಇಲ್ಲ."

"ತಿನ್ನೋದಲ್ದೆ ಅದುಕ್ಕೆ ಇನ್ನೇನ್ಲಾ ಗೊತ್ತು," ಅಂದ ಗಣೇಶ.

ನವ್ಯಶ್ರೀಗೆ ನಗು ಬರಲಿಲ್ಲ. ಅರ್ಜೆಂಟ್ ಆರ್ಡರ್ ಬಂದಾಗ ಇವನನ್ನು ಡಬಲ್ ಶಿಫ್ಟಿಗೆ ಹಾಕಿಸಿದ್ದು ತಾನೇ. ಆಮೇಲೆ ದಿನಾ ನೋಡುತ್ತಿದ್ದಳು: ಶಿಫ್ಟಿಗೆ ಎಷ್ಟೋ ಮೊದಲೇ ತನ್ನೂರು ಕೂಟಗಲ್‌ನಿಂದ ಬಂದು, ಗೇಟಿನ ಹೊಂಗೆ ಮರಕ್ಕೆ ಒರಗಿ ಕಣ್ಣು ಮುಚ್ಚಿರುತ್ತಿದ್ದ. ಕಣ್ಣು ಬಿಟ್ಟರೆ ಕೆಂಡ. ಮೆಷಿನ್ ಮುಂದೆ ನಿಂತರೆ ಮಾತ್ರ ಮುಖ ಅರಳಿ ಹಾಡು ಗುನುಗುತ್ತಿದ್ದ. ಗೀಳಲ್ಲದೆ ಇನ್ನೇನು? ಅಂಟಿಸಿದವಳು ತಾನು.

"ಕಾಯಂ ಮಾಡಿದರೆ ಇವನ ಜೀವ ಉಳಿಯಲ್ಲ ಸಾರ್," ಅಂದಳು ಮ್ಯಾನೇಜರ್ ವೆಂಕಟಯ್ಯನವರಿಗೆ. "ಮೊದಲು ರೆಸ್ಟ್ ಕೊಡಿ."

ಹುದ್ದೆ ಮಕ್ಬೂಲನಿಗೆ ಹೋಯಿತು. ಗಣೇಶನಿಗೆ ಹದಿನೈದು ದಿನ ಕಡ್ಡಾಯ ರಜೆ. ಗೇಟು ದಾಟುವಾಗ ಅವನು ಒಮ್ಮೆ ತಿರುಗಿ ನೋಡಿದ. ಆ ಸಂಜೆ ಅವಳು ಅವನ ಮನೆಯ ವಿಳಾಸ ಬರೆದುಕೊಂಡಳು.

ರಜೆಯ ಎರಡನೇ ಭಾನುವಾರ ಮೋಸಂಬಿ ಹಿಡಿದು ಕೂಟಗಲ್‌ಗೆ ಹೋದಳು. ಜಗಲಿಯಲ್ಲಿ ಗಣೇಶ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ. ಕೆನ್ನೆ ಗುಳಿಬಿದ್ದಿತ್ತು. ಕಣ್ಣು ಮೊದಲಿಗಿಂತ ಕೆಂಪು. ಒಳಗಿನಿಂದ ಸರಸರ ಮೇಯುವ ಸದ್ದು. ತಟ್ಟೆ ತಟ್ಟೆಗೂ ರೇಷ್ಮೆಹುಳು.

"ಹುಳ ಪೊರೆ ಬುಟ್ಟು ನಾಕನೇ ಜ್ವರ ಎದ್ದವೆ ಮೇಡಂ," ಅಂದಳು ಹೆಂಡತಿ ವನಜಾಕ್ಷಿ, ಸೊಪ್ಪು ಬಾಚಿಕೊಳ್ಳುತ್ತ. "ರಾತ್ರಿ ಹಗಲು ಹಾಕುದ್ರೂ ಸಾಲಲ್ಲ. ಇವ್ರು ರಜಾ ಅಂದ್ರಲ್ಲ, ಅದ್ಕೇ ಈ ಸಲ ಎಲ್ಡರಷ್ಟು ಮೇಯುಸ್ತಾ ಇವ್ನಿ."

ನವ್ಯಶ್ರೀಯ ಕೈಯಲ್ಲಿ ಮೋಸಂಬಿ ಭಾರವಾಯಿತು. "ಕೆಲಸದ ಯೋಚನೆಗೆ ನಿದ್ದೆ ಬರಲ್ಲ ಅಂತ ನೀವೇ ಹೇಳಿದಿರಲ್ಲ, ಗಣೇಶ್? ಅದಕ್ಕೇ ತಾನೇ ನಾನು..."

"ನೀವು ಕೆಲ್ಸ ಅಂತ ಕೇಳುದ್ರಿ, ಇದುನ್ ಹೇಳ್ದೆ." ಗಣೇಶ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಫ್ಯಾಕ್ಟ್ರೀದು ಡ್ಯೂಟಿ ಅಲ್ವಾ ಮೇಡಂ, ನಂಗಿದ್ದ ರೆಸ್ಟು ಅದೊಂದೇ."