ನೊರೆ ಇಳಿದ ಗ್ಲಾಸು

ಎಡೆ ಇಟ್ಟ ಕೋಣೆಯ ಬಾಗಿಲು ಎಳೆದು ಮುಚ್ಚಿ, ಹುಲಗಪ್ಪ ಸೊಸೆ ಅನುಸೂಯಾಳ ಜೊತೆ ಪಡಸಾಲೆಯಲ್ಲಿ ಕೂತಿದ್ದ. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಒಳಗೆ ಮಗ ಗೌರೀಶನ ಫೋಟೋದ ಮುಂದೆ ರೊಟ್ಟಿ, ಕೋಳಿ ಸಾರು, ಒಂದು ಗ್ಲಾಸು ಬೀರು.

ಗಂಗಾವತಿಯ ಬಾರಿನಲ್ಲಿ ಕೆಲಸಕ್ಕಿದ್ದ ಗೌರೀಶ ಬೀರು ತುಂಬಿದ ಉಕ್ಕಿನ ಪೀಪಾಯಿ ಮನೆಗೆ ತಂದು, ಹಳೇ ಫ್ರಿಜ್ಜಿನೊಳಗಿಟ್ಟು, ಬೀರನ್ನು ನಳಕ್ಕೆ ನೂಕುವ ಗ್ಯಾಸಿನ ಸಿಲಿಂಡರ್ ಜೋಡಿಸಿ ನಳ ಕೂರಿಸಿದ್ದ. "ಇದು ಮನಿಯೋ, ಬಾರೋ" ಎಂದ ಹುಲಗಪ್ಪ ಆವತ್ತಿನಿಂದ ಮಗನ ಜೊತೆ ಮಾತು ಬಿಟ್ಟಿದ್ದ. ಇವತ್ತು ಮಗ ಸತ್ತ ಹನ್ನೊಂದನೇ ದಿನ, ಆ ನಳಕ್ಕೆ ತಾನೇ ಕೈ ಹಾಕಿದ್ದ. ಗ್ಲಾಸನ್ನು ನೆಟ್ಟಗೆ ಹಿಡಿದದ್ದಕ್ಕೆ ಅರ್ಧಕ್ಕರ್ಧ ನೊರೆಯೇ ತುಂಬಿತ್ತು. ಓರೆಯಾಗಿ ಹಿಡಿಯಬೇಕು, ಇಲ್ಲದಿದ್ದರೆ ನೊರೆ ಕರಗಿ ಗ್ಲಾಸು ಅರ್ಧ ಖಾಲಿಯಾಗುತ್ತದೆ ಎಂದು ಗಂಡ ಹೇಳಿಕೊಟ್ಟದ್ದು ಅನುಸೂಯಾಳಿಗೆ ಗೊತ್ತಿತ್ತು. ಆದರೂ ಮಾವ ತುಂಬಿದ ಗ್ಲಾಸನ್ನು ಹಾಗೇ ಎಡೆಗೆ ಇಟ್ಟಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಹುಲಗಪ್ಪ ಎದ್ದು ಬಾಗಿಲು ತೆರೆದ. ಅಂಚಿನತನಕ ತುಂಬಿಟ್ಟಿದ್ದ ಗ್ಲಾಸು ಈಗ ಅರ್ಧವಾಗಿತ್ತು. ಮೇಲೆ ನೊರೆಯ ತೆಳು ಗೆರೆಯೊಂದು ಉಳಿದಿತ್ತು, ಯಾರೋ ತುಟಿಯಿಟ್ಟು ಕುಡಿದ ಹಾಗೆ.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ಕುಡದಾನವ್ವಾ. ನಾ ಹಾಕಿದ್ದು ಕುಡದಾನ," ಅಂದ. ಆಮೇಲೆ ತಡೆದು ಕೇಳಿದ, "ನನ್ನ ಮ್ಯಾಲಿನ ಸಿಟ್ಟು ಬಿಟ್ಟಾನೇನು?"

ಅನುಸೂಯಾ ಗ್ಲಾಸಿನ ಕಡೆ ನೋಡಲಿಲ್ಲ.

"ಬಿಟ್ಟಾರ್ರಿ, ಮಾವಾರ," ಅಂದಳು.