ಬಲಗಡೆಯ ಚಿತ್ರ

ಎಡಗಡೆಯ ಚಿತ್ರದಲ್ಲಿ ಹುಡುಗಿ ಚೆಂಡಿಗೆ ಹಾರಿದ್ದಳು. ಬಲಗಡೆಯದರಲ್ಲಿ ನೆಲಕ್ಕೆ ಬಿದ್ದಿದ್ದಳು. ವಿದ್ಯಾನಗರದ ಆಸ್ಪತ್ರೆಯಲ್ಲಿ, ಆಪರೇಶನ್ ಥಿಯೇಟರಿನ ಹೊರಗೆ ಕೂತಿದ್ದ ನಾಗರತ್ನಾಳ ಕಣ್ಣು ಅಲ್ಲೇ ನಿಂತಿತು. ಅಪೆಂಡಿಕ್ಸಿಗೆಂದು ಒಳಗೆ ಹೋಗುವಾಗ ಮಗಳು ಉಮಾಶ್ರೀ ಕೈಗಿಟ್ಟ ಜಪಾನಿ ವಾಲಿಬಾಲ್ ಕಾಮಿಕ್ಸ್ ಅದು. ಟಿವಿಯಲ್ಲಿ ಆಟ ಬಂದರೆ ಎದ್ದುಹೋಗುವ ನಾಗರತ್ನಾ ಈಗ ಹಾಳೆ ತಿರುವಲು ಹೆದರಿದಳು.

"ಬಿದ್ದಾಳ್ರಿ," ಎಂದಳು, ಪಕ್ಕದಲ್ಲಿ ಕೂತಿದ್ದ ಹಾಜರಾಬಿಗೆ. "ಎಲ್ಲಾ ಮುಗೀತು."

ಹಾಜರಾಬಿ ಕನ್ನಡಕ ಏರಿಸಿ ಪುಟ ನೋಡಿದರು. "ಇಂಥಾವು ನನ್ನ ಮೊಮ್ಮಗಳೂ ಓದ್ತಾಳ, ಅಕ್ಕಾರ. ನಮ್ಮ ಉರ್ದೂ ಹಂಗ ಬಲಗಡಿಂದ ನೋಡಬೇಕ್ರಿ."

ನಾಗರತ್ನಾ ಬಲಗಡೆಯ ಚಿತ್ರದ ಮೇಲೆ ಬೆರಳಿಟ್ಟಳು. ಹುಡುಗಿ ನೆಲದ ಮೇಲಿದ್ದಳು. ಬೆರಳು ಮೆಲ್ಲಗೆ ಎಡಕ್ಕೆ ಸರಿಯಿತು. ಹುಡುಗಿ ಹಾರಿದ್ದಳು.

"ಏಳ್ತಾಳಲ್ರಿ?" ಎಂದಳು ನಾಗರತ್ನಾ, ಥಿಯೇಟರಿನ ಮುಚ್ಚಿದ ಬಾಗಿಲನ್ನೇ ನೋಡುತ್ತ.