ಲೋಟದೊಳಗಿನ ದೀಪಣ್ಣ

ಹೊಸದಾಗಿ ವರ್ಗವಾಗಿ ಬಂದಿದ್ದ ಮೇಷ್ಟ್ರಿಗೆ ವಿಜ್ಞಾನವನ್ನು ಬಾಯಿಪಾಠ ಮಾಡಿಸುವುದೆಂದರೆ ಆಗದು. ಮೇಜಿನ ಮೇಲೊಂದು ಮೇಣದಬತ್ತಿ ಹಚ್ಚಿಟ್ಟು, ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು.

"ಇವನು ದೀಪಣ್ಣ. ನಮ್ಮ ಹಾಗೇ ಗಾಳಿ ಇದ್ರೆ ಬದುಕೋನು. ಈಗ ಮುಚ್ತೀನಿ, ಎಷ್ಟು ಹೊತ್ತು ತಡೀತಾನೋ ಎಣಿಸಿ ನೋಡೋಣ!"

ಗಾಜಿನ ಲೋಟ ಬೋರಲಾಯಿತು. ಮಕ್ಕಳು ಕುಣಿಯುತ್ತ ಎಣಿಸಿದರು. ಏಳು ಎನ್ನುವಷ್ಟರಲ್ಲಿ ದೀಪ ಸಣ್ಣಗಾಗಿ ನಡುಗಿತು. ಮುಂದೆ ನಿಂತಿದ್ದ ಸಿಂಚನಾ ಸರಕ್ಕನೆ ಕೈಚಾಚಿ ಲೋಟ ಎತ್ತಿಬಿಟ್ಟಳು.

ಎರಡನೇ ಸಲವೂ ಅದನ್ನೇ ಮಾಡಿದಳು. ಮೇಷ್ಟ್ರಿಗೆ ರೇಗಿತು. ಮೂರನೇ ಸಲ ಅವಳ ಎರಡೂ ಕೈ ಹಿಡಿದುಕೊಂಡರು. ದೀಪ ಆರಿತು.

"ಸತ್ತ! ದೀಪಣ್ಣ ಸತ್ತ!" ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು.

"ನೋಡಿದ್ಯಾ? ಸುಮ್ನೆ ನಿಂತಿದ್ರೆ ತಾನೇ ಪಾಠ ಅರ್ಥವಾಗೋದು? ಅಷ್ಟೊಂದು ಅವಸರ ಯಾಕಮ್ಮ ನಿಂಗೆ?" ಎಂದರು ಮೇಷ್ಟ್ರು, ಹಿಡಿದ ಕೈ ಬಿಡದೆ.

ಹುಡುಗಿ ಲೋಟದೊಳಗೆ ಸುತ್ತುತ್ತಿದ್ದ ಹೊಗೆಯನ್ನೇ ನೋಡುತ್ತಿದ್ದಳು.

"ನಮ್ಮಪ್ಪ ಹೂಳು ತೆಗೆಯೋಕೆ ಹಾಳುಬಾವಿಗಿಳಿದು ಉಸಿರುಗಟ್ಟಿ ಒದ್ದಾಡ್ತಿದ್ದಾಗಲೂ ಊರೋರು ಹೀಗೇ ನನ್ನ ಕೈ ಹಿಡ್ಕೊಂಡಿದ್ರು, ಸಾರ್."